ಅನುಕರಣ ಯಂತ್ರಗಳ ಜಾಲ ಸಂಪರ್ಕ: ಒಂದು ಐತಿಹಾಸಿಕ ವಿವೇಚನೆ

ವಿದ್ಯುತ್ ಮೀಟರು, ಮೋಟಾರು ವಾಹನ ಮೊದಲಾದವುಗಳ ಒಡಲಿನಲ್ಲಿ ಅಡಗಿರುವ ಕಿರು ಗಣಕಗಳಿಗೆ ಪ್ರೋಗ್ರಾಮು ಬರೆಯುವವರು, ಆ ಯಂತ್ರ ಕೈಸೇರುವ ಮೊದಲೇ ತಮ್ಮ ಮೇಜಿನ ಗಣಕದಲ್ಲಿ ಅದರ ಅನುಕರಣವನ್ನು ನಿರ್ಮಿಸಿ ಪರೀಕ್ಷಿಸುವುದು ವಾಡಿಕೆ. ಮೇಜಿನ ಗಣಕ ಆತಿಥೇಯ. ಅದರೊಳಗೆ ಅನುಕರಿಸಲ್ಪಟ್ಟುದು ಅತಿಥಿ. ಅತಿಥಿಗೆ ತಂತಿಯೂ ಇಲ್ಲ, ಜಾಲಕ್ಕೆ ಸೇರಿಸುವ ಕಾರ್ಡೂ ಇಲ್ಲ. ಆದರೂ ಅದು ಹೊರಜಗತ್ತಿನೊಡನೆ ಮಾತನಾಡಬೇಕು. ಇದಕ್ಕಾಗಿ ಹುಟ್ಟಿದ ವಿಧಾನಗಳ ಸ್ವರೂಪವನ್ನು ನಿರ್ಧರಿಸಿದುದು ಬಹುಮಟ್ಟಿಗೆ ಆತಿಥೇಯ ಗಣಕದ ಮೇಲೆ ಬಳಕೆದಾರನಿಗಿದ್ದ ಅಧಿಕಾರ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಮೊದಲು ಗಮನಿಸಬೇಕಾದುದು ಸ್ಲಿಪ್ ಎಂಬ ಪದ್ಧತಿ. 1984ರ ಸುಮಾರಿಗೆ ರಿಕ್ ಆಡಮ್ಸ್ ಅವರು ಇದನ್ನು ಬರ್ಕ್ಲಿ ಯುನಿಕ್ಸಿನಲ್ಲಿ ಅಳವಡಿಸಿದರು. 1988ರಲ್ಲಿ ಜೆ. ರೋಮ್ಕಿಯವರು 1055ನೆಯ ಆರ್‌ಎಫ್‌ಸಿ ಪತ್ರದಲ್ಲಿ ದಾಖಲಿಸಿದರು. ಸೀರಿಯಲ್ ತಂತಿಯ ಮೇಲೆ ಪ್ಯಾಕೆಟ್ಟುಗಳನ್ನು ಕಳುಹಿಸುತ್ತ, ಒಂದೊಂದರ ಕೊನೆಗೂ 192 ಎಂಬ ಅಂಕವನ್ನಿಡುವುದು ಇದರ ಕ್ರಮ. ದೋಷವನ್ನು ಪತ್ತೆಹಚ್ಚುವ ಏರ್ಪಾಡು ಇದರಲ್ಲಿಲ್ಲ. ಇದು ಪ್ರಮಾಣಪದ್ಧತಿಯಲ್ಲವೆಂದು ಪತ್ರದ ಶೀರ್ಷಿಕೆಯೇ ಒಪ್ಪಿಕೊಂಡಿದೆ. ಅಂಥ ವಿನಯ ದಾಖಲೆಗಳಲ್ಲಿ ವಿರಳ.

1990ರ ದಶಕದಲ್ಲಿ ಸ್ಲಿಪ್ ಸಂಪರ್ಕ ದೊರೆಯಬೇಕಾದರೆ ಗಣಕದ ಮೇಲ್ವಿಚಾರಕನ ಅನುಮತಿ ಬೇಕಾಗುತ್ತಿತ್ತು. ದೂರವಾಣಿಯ ಮೂಲಕ ಬರಿಯ ಯುನಿಕ್ಸ್ ಖಾತೆಯನ್ನು ಪಡೆದವರಿಗೆ ಅಕ್ಷರಗಳ ಪರದೆಯಷ್ಟೇ ಗತಿ. ಡ್ಯಾನಿ ಗ್ಯಾಸ್ಪರೋವ್ಸ್ಕಿಯವರು 1995ರಲ್ಲಿ ರಚಿಸಿದ ಸ್ಲರ್ಪ್ ಎಂಬ ಪ್ರೋಗ್ರಾಮು ಈ ನಿರ್ಬಂಧವನ್ನು ಜಾಣ್ಮೆಯಿಂದ ದಾಟಿತು. ಅದು ಸಾಮಾನ್ಯ ಖಾತೆಯಲ್ಲಿಯೇ ನಡೆಯುತ್ತ, ಬಂದ ಪ್ಯಾಕೆಟ್ಟುಗಳನ್ನು ಬಿಡಿಸಿ, ಯಾವ ಪ್ರೋಗ್ರಾಮಿಗೂ ಅನುಮತಿಯಿರುವ ಸಾಕೆಟ್ಟುಗಳ ಮೂಲಕ ಹೊರಗೆ ಸಾಗಿಸುತ್ತಿತ್ತು. ಫಾಬ್ರಿಸ್ ಬೆಲಾರ್ ಅವರು 2003ರಲ್ಲಿ ಪ್ರಕಟಿಸಿದ ಕ್ಯೂಎಮು ಎಂಬ ಅನುಕರಣ ಯಂತ್ರ ಮುಂದೆ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಇಂದಿಗೂ ಕ್ಯೂಎಮುವಿನ ಈ ಬಗೆಯ ಜಾಲದಲ್ಲಿ ಆತಿಥೇಯದ ವಿಳಾಸ 10.0.2.2, ಅತಿಥಿಯದು 10.0.2.15. ಇವು ಸ್ಲರ್ಪಿನಿಂದ ಬಂದ ಪರಂಪರೆ. ಹೊಸ ಗುಡಿಯ ಗೋಡೆಯಲ್ಲಿ ಹಳೆಯ ಶಾಸನದ ಕಲ್ಲು ಸೇರಿಕೊಂಡಿರುವಂತೆ, ಬಳಸುವವರು ಓದದೆಯೇ ದಾಟಿಹೋಗುವ ಸಾಕ್ಷ್ಯವಿದು. ಈ ಮಾರ್ಗದಲ್ಲಿ ಒಂದು ಕೊರತೆಯೂ ಉಂಟು: ಬಾಗಿಲನ್ನು ಪ್ರತ್ಯೇಕವಾಗಿ ತೆರೆದಿಡದ ಹೊರತು ಹೊರಗಿನವರು ತಾವಾಗಿ ಅತಿಥಿಯನ್ನು ಮುಟ್ಟಲಾರರು.

ಟ್ಯಾಪ್ ಎಂಬುದರ ಹಾದಿ ಇದಕ್ಕೆ ವಿರುದ್ಧ. ಮ್ಯಾಕ್ಸಿಮ್ ಕ್ರಾಸ್ನ್ಯಾನ್ಸ್ಕಿಯವರ ಈ ರಚನೆ 2001ರ ಲಿನಕ್ಸ್ 2.4ರಲ್ಲಿ ಸೇರಿತ್ತು. ಇಲ್ಲಿ ಆತಿಥೇಯದ ಕರ್ನೆಲ್ಲೇ ಒಂದು ಕಾಲ್ಪನಿಕ ಈಥರ್ನೆಟ್ ಕಾರ್ಡನ್ನು ಸೃಷ್ಟಿಸುತ್ತದೆ. ಅತಿಥಿ ನಿಜವಾದ ನೆರೆಯವನಂತೆ ಕಾಣಿಸಿಕೊಳ್ಳುತ್ತದೆ. ಆದರೆ ಅದನ್ನು ಸೃಷ್ಟಿಸುವ ಹಕ್ಕು ಮೇಲ್ವಿಚಾರಕನದು.

ಈ ಎರಡೂ ಪ್ರವಾಹಗಳು ಸೇರಿರುವುದನ್ನು 2016ರಲ್ಲಿ ಲಿನಕ್ಸ್ ಫೌಂಡೇಶನ್ ಆರಂಭಿಸಿದ ಜೆಫಿರ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಾಣಬಹುದು. ಕ್ಯೂಎಮುವಿನೊಳಗೆ ನಡೆಯುವಾಗ ಅದು ಸ್ಲಿಪ್ ಪದ್ಧತಿಯಲ್ಲಿ ಪ್ಯಾಕೆಟ್ಟುಗಳನ್ನು ಸೀರಿಯಲ್ ದ್ವಾರಕ್ಕೆ ಬರೆಯಬಲ್ಲುದು. ಆತಿಥೇಯದಲ್ಲಿರುವ ಸಹಾಯಕ ಪ್ರೋಗ್ರಾಮು ಅವನ್ನು ಟ್ಯಾಪಿಗೆ ದಾಟಿಸುತ್ತದೆ. ಜೆಫಿರನ್ನು ನೇರವಾಗಿ ಲಿನಕ್ಸಿನ ಪ್ರೋಗ್ರಾಮಾಗಿಯೇ ನಡೆಸುವ ಇನ್ನೊಂದು ಕ್ರಮದಲ್ಲಿ 'ಜೆತ್' ಎಂಬ ಟ್ಯಾಪ್ ಕಾರ್ಡನ್ನು ಹೂಡಿ, ಅತಿಥಿಗೆ 192.0.2.1, ಆತಿಥೇಯಕ್ಕೆ 192.0.2.2 ಎಂಬ ವಿಳಾಸಗಳನ್ನು ಕೊಡುವುದು ರೂಢಿ. 2010ರ 5737ನೆಯ ಆರ್‌ಎಫ್‌ಸಿಯ ಪ್ರಕಾರ ಈ ವಿಳಾಸಗಳು ಗ್ರಂಥಗಳಲ್ಲಿ ಉದಾಹರಣೆಗೆಂದು ಮೀಸಲಾದವು. ಸಾರ್ವಜನಿಕ ಜಾಲ ಅವನ್ನು ಸಾಗಿಸದು. ಆದುದರಿಂದ ಅತಿಥಿಗೆ ಆತಿಥೇಯ ಉತ್ತರಿಸಿದರೂ ಅದರಾಚೆಗೆ ಮೌನವೇ. ಪ್ಯಾಕೆಟ್ಟುಗಳನ್ನು ಮುಂದಕ್ಕೆ ದಾಟಿಸಲು ಅಪ್ಪಣೆಯಿತ್ತು, ಅವುಗಳ ವಿಳಾಸವನ್ನು ಆತಿಥೇಯದ ವಿಳಾಸಕ್ಕೆ ಬದಲಾಯಿಸುವಂತೆ ವ್ಯವಸ್ಥೆ ಮಾಡಬೇಕಾಗುತ್ತದೆ. ಇದಕ್ಕೂ ಮೇಲ್ವಿಚಾರಕನ ಅಧಿಕಾರವೇ ಬೇಕು. ಹಲವರು ಹಂಚಿಕೊಳ್ಳುವ ಕಾಲೇಜಿನ ಗಣಕದಲ್ಲಿ ವಿದ್ಯಾರ್ಥಿಗೆ ಇದು ಸುಲಭವಾಗಿ ದಕ್ಕುವಂಥದಲ್ಲ.

ಈ ತೊಡಕಿಗೆ ಜೆಫಿರ್ ಈಚೆಗೆ ಕಂಡುಕೊಂಡ ಪರಿಹಾರ ಸ್ಲರ್ಪಿನ ನೆನಪನ್ನು ತರುತ್ತದೆ: ಅತಿಥಿಯ ಸಾಕೆಟ್ಟು ಕರೆಗಳನ್ನು ಆತಿಥೇಯದ ಸಾಕೆಟ್ಟುಗಳಿಗೇ ಒಪ್ಪಿಸುವುದು. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಆಗ ಜೆಫಿರಿನ ಸ್ವಂತ ಟಿಸಿಪಿ ಪರೀಕ್ಷೆಗೊಳಪಡುವುದೇ ಇಲ್ಲ. ಅದರ ಸ್ಥಾನದಲ್ಲಿ ಲಿನಕ್ಸಿನ ಟಿಸಿಪಿ ಕೆಲಸಮಾಡುತ್ತದೆ.