ಕಾರ್ಖಾನೆಯ ಅಂತಸ್ತು ಮನೆಯಾದ ಕಥೆ

'ಲಾಫ್ಟ್' ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಅಡುಗೆಮನೆಯಲ್ಲಿ ಬಾಗಿಲಿನಿಂದ ಮೇಲಕ್ಕೆ ಹಾಕಿಸಿದ ಕಾಂಕ್ರೀಟಿನ ಹಲಗೆ, ಅಲ್ಲವೆ? ಹಬ್ಬಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆಗಳು, ಹಳೆಯ ಪುಸ್ತಕಗಳ ಗಂಟು, ಕಾಲು ಮುರಿದ ಕುರ್ಚಿ ಎಲ್ಲಕ್ಕೂ ಅದೇ ಜಾಗ. ಹಳ್ಳಿಯ ಮನೆಗಳಲ್ಲಿ ಈ ಕೆಲಸವನ್ನು ಅಟ್ಟ ಮಾಡುತ್ತದೆ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ. ಕಾರ್ಖಾನೆ ಇಲ್ಲವೆ ಗೋದಾಮಿನ ಕಟ್ಟಡದಲ್ಲಿ ಅಡ್ಡಗೋಡೆಗಳೇ ಇಲ್ಲದ ಒಂದು ಇಡೀ ಅಂತಸ್ತನ್ನು ಅಲ್ಲಿ ಲಾಫ್ಟ್ ಎನ್ನುತ್ತಾರೆ. ಇಂದು ಅಂಥ ಲಾಫ್ಟ್ ಒಂದನ್ನು ವಾಸಕ್ಕೆ ಬಾಡಿಗೆ ಹಿಡಿಯಬೇಕಾದರೆ ಬಹಳ ಸಿರಿವಂತರಾಗಿರಬೇಕು. ಆದರೆ 1960ರಲ್ಲಿ ಅದೇ ಅಂತಸ್ತಿನಲ್ಲಿ ಹಾಸಿಗೆ ಹಾಸಿ ಮಲಗುವುದು ಕಾನೂನಿಗೆ ವಿರುದ್ಧವಾಗಿತ್ತು! ಗೋಡೆ, ಕಂಬ, ಕಿಟಕಿಗಳು ಅಂದಿನವೇ. ಹಾಗಾದರೆ ಬದಲಾದದ್ದು ಏನು? ಒಂದು ಕಟ್ಟಡ 'ಮನೆ' ಎನಿಸಿಕೊಳ್ಳುವುದು ಯಾವುದರಿಂದ? ಸೋಹೊ ಎಂಬ ಬಡಾವಣೆಯ ಚರಿತ್ರೆ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಎರಕ ಹೊಯ್ದ ಕಟ್ಟಡಗಳು

ಮ್ಯಾನ್‌ಹಟನ್ ದ್ವೀಪದ ತೆಂಕಣ ಭಾಗದಲ್ಲಿ, ಹೌಸ್ಟನ್ ರಸ್ತೆಯ ದಕ್ಷಿಣಕ್ಕೆ ಇರುವ ಪ್ರದೇಶವೇ ಸೋಹೊ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಬಟ್ಟೆ ವ್ಯಾಪಾರಿಗಳ ಮಳಿಗೆಗಳು ಮತ್ತು ಸಣ್ಣ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಬೇಗ ಕಟ್ಟಬೇಕು, ಅಂದವಾಗಿ ಕಾಣಬೇಕು, ಒಳಗೆ ಜಾಗ ಹೆಚ್ಚು ಸಿಗಬೇಕು. ಇದು ವ್ಯಾಪಾರಿಗಳ ಬೇಡಿಕೆ. ಅದಕ್ಕೆ ಒದಗಿದ್ದು ಎರಕದ ಕಬ್ಬಿಣ.

ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಅದರಲ್ಲಿ ಶೇಕಡ 2ರಿಂದ 4ರಷ್ಟು ಇಂಗಾಲ ಬೆರೆತಿದ್ದರೆ ಸುಮಾರು 1150ರಿಂದ 1200 ಡಿಗ್ರಿಯಲ್ಲೇ ಅದು ನೀರಾಗಿ ಹರಿಯುತ್ತದೆ. ಮರದಲ್ಲಿ ಒಂದು ಮಾದರಿ ಕೆತ್ತಿ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿಕೊಂಡು, ಈ ದ್ರವವನ್ನು ಹೊಯ್ದರೆ ಎಂಥ ಚಿತ್ತಾರದ ಕಂಬವೂ ಸಿದ್ಧ. ಅದೇ ಮಾದರಿಯಿಂದ ನೂರು ಕಂಬ ಎರೆಯಬಹುದು. ಜೇಮ್ಸ್ ಬೊಗಾರ್ಡಸ್ ಎಂಬಾತ 1850ರಲ್ಲಿ ಇಂಥ ಕಟ್ಟಡ ವಿಧಾನಕ್ಕೆ ಪೇಟೆಂಟ್ ಪಡೆದ. ಡೇನಿಯಲ್ ಬ್ಯಾಜರ್ ಎಂಬಾತನ ಎರಕದ ಕಾರ್ಖಾನೆ ಕಟ್ಟಡಗಳ ಇಡೀ ಮುಂಭಾಗವನ್ನೇ ಬಿಡಿಭಾಗಗಳಾಗಿ ತಯಾರಿಸುತ್ತಿತ್ತು. ಅವನ್ನು ಸ್ಥಳಕ್ಕೆ ಸಾಗಿಸಿ ಬೋಲ್ಟು ಹಾಕಿ ಬಿಗಿದರಾಯಿತು.

ಎರಕದ ಕಬ್ಬಿಣಕ್ಕೆ ಒಂದು ವಿಚಿತ್ರ ಗುಣವಿದೆ. ಅದನ್ನು ತಿಳಿಯಲು ನಿಮ್ಮ ತರಗತಿಯ ಸೀಮೆಸುಣ್ಣವೇ ಸಾಕು. ಒಂದು ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ನೇರವಾಗಿ ಅಮುಕಿ. ಅದು ಸುಲಭಕ್ಕೆ ಬಗ್ಗದು. ಈಗ ಅದನ್ನೇ ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಅಡ್ಡವಿಟ್ಟು ನಡುವೆ ಬೆರಳಿನಿಂದ ಒತ್ತಿ. ಟಕ್ಕೆಂದು ಮುರಿಯುತ್ತದೆ. ಅಡ್ಡವಿಟ್ಟಾಗ ಕಡ್ಡಿಯ ಮೇಲ್ಭಾಗ ಅಮುಕಿಸಿಕೊಳ್ಳುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಸೋಲುವುದು ಎಳೆತಕ್ಕೆ ಸಿಕ್ಕ ಕೆಳಭಾಗ. ಎರಕದ ಕಬ್ಬಿಣವೂ ಹೀಗೆಯೇ. ಅಮುಕುವ ಬಲವನ್ನು ಅದು ತಡೆಯುವ ಸಾಮರ್ಥ್ಯ, ಎಳೆಯುವ ಬಲವನ್ನು ತಡೆಯುವ ಸಾಮರ್ಥ್ಯದ ಮೂರು ನಾಲ್ಕು ಪಟ್ಟು. ಆದ್ದರಿಂದ ಅದು ಕಂಬಕ್ಕೆ ಒಳ್ಳೆಯದು, ತೊಲೆಗೆ ಅಲ್ಲ. ಸೋಹೊದ ಕಟ್ಟಡಗಳಲ್ಲಿ ಮುಂಭಾಗ ಮತ್ತು ಕಂಬಗಳು ಎರಕದವು, ತೊಲೆಗಳು ಹೆಚ್ಚಾಗಿ ಮರದವು, ಪಕ್ಕದ ಗೋಡೆಗಳು ಇಟ್ಟಿಗೆಯವು.

ಇಂಥ ಕಂಬಗಳನ್ನು ನೋಡಲು ನೀವು ನ್ಯೂಯಾರ್ಕಿಗೇ ಹೋಗಬೇಕಿಲ್ಲ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದರ ಜಾಗದಲ್ಲಿ 1912ರ ಹೊತ್ತಿಗೆ ಸಿದ್ಧವಾದ ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಹೊಯ್ದ ಎರಕದ ಕಬ್ಬಿಣದ ಕಂಬಗಳೇ. ತೆಳ್ಳಗಿನ ಕಂಬಗಳ ಮೇಲೆ ಅಷ್ಟು ವಿಶಾಲವಾದ ಮಂಟಪ ನಿಂತಿರುವುದನ್ನು ಮುಂದಿನ ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸಿ.

ಬೆಳಕು, ಭಾರ, ಏರುವ ದಾರಿ

ಲಾಫ್ಟಿನ ರೂಪವನ್ನು ನಿರ್ಧರಿಸಿದ್ದು ಸೌಂದರ್ಯಪ್ರಜ್ಞೆ ಮಾತ್ರವಲ್ಲ, ಭೌತವಿಜ್ಞಾನವೂ ಹೌದು. ಸೋಹೊದ ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ. ಎರಡೂ ಪಕ್ಕದಲ್ಲಿ ಬೇರೆ ಕಟ್ಟಡಗಳು ಒತ್ತಿಕೊಂಡಿರುವುದರಿಂದ ಬೆಳಕು ಬರಬೇಕಾದದ್ದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಥಾಮಸ್ ಎಡಿಸನ್ ಈ ನಗರದಲ್ಲಿ ತನ್ನ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಅದಕ್ಕೂ ಮೊದಲು ಕೆಲಸ ನಡೆಯಬೇಕಾದದ್ದು ಹಗಲು ಬೆಳಕಿನಲ್ಲಿ ಇಲ್ಲವೆ ಅನಿಲ ದೀಪದಲ್ಲಿ. ಕಿಟಕಿ ಎತ್ತರವಾದಷ್ಟೂ ಬೆಳಕು ಒಳಗೆ ದೂರ ಸಾಗುತ್ತದೆ. ಅದಕ್ಕಾಗಿಯೇ ಚಾವಣಿಯನ್ನು ಎತ್ತರಿಸಿದರು. ಭಾರ ಹೊರಲು ದಪ್ಪ ಗೋಡೆಯ ಬದಲು ತೆಳುವಾದ ಕಂಬಗಳಿದ್ದುದರಿಂದ ಮುಂಭಾಗದ ಬಹುಪಾಲನ್ನು ಗಾಜಿಗೇ ಬಿಟ್ಟುಕೊಡಬಹುದಾಗಿತ್ತು. ಆದರೂ ನಡುಭಾಗ ಮಬ್ಬೇ. ಹೊಲಿಗೆ ಕಿಟಕಿಯ ಬಳಿ, ಸರಕಿನ ಪೆಟ್ಟಿಗೆಗಳು ನಡುವೆ!

ಇನ್ನು ನೆಲದ ಮಾತು. ಯಂತ್ರಗಳನ್ನೂ ಬಟ್ಟೆಯ ಮೂಟೆಗಳನ್ನೂ ಹೊರುವ ನೆಲ ಮನೆಯ ನೆಲಕ್ಕಿಂತ ಗಟ್ಟಿಯಾಗಿರಬೇಕು. ನಮ್ಮ ಭಾರತೀಯ ಮಾನಕ 875ನ್ನೇ ತೆಗೆದುಕೊಳ್ಳಿ. ವಾಸದ ಕೋಣೆಯ ನೆಲ ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋಗ್ರಾಂ ಭಾರವನ್ನು ತಾಳುವಂತೆ ಲೆಕ್ಕ ಹಾಕುತ್ತಾರೆ. ಹಗುರ ಕೈಗಾರಿಕೆಗೆ ಅದು 5 ಕಿಲೋನ್ಯೂಟನ್. ಎಂದರೆ ಎರಡೂವರೆ ಪಟ್ಟು.

ಮೇಲಿನ ಅಂತಸ್ತಿಗೆ ಹೋಗುವುದು ಹೇಗೆ? ಎಲೀಷ ಓಟಿಸ್ ಎಂಬಾತ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ಎತ್ತುಗದ ಮೇಲೆ ನಿಂತು, ಅದರ ಹಗ್ಗವನ್ನು ಕತ್ತರಿಸಲು ಹೇಳಿದ. ಹಗ್ಗ ಹರಿದರೂ ಹಲ್ಲುಗಳುಳ್ಳ ಕಂಬಿಗೆ ಕೊಕ್ಕೆ ಸಿಕ್ಕಿಕೊಂಡು ಎತ್ತುಗ ಬೀಳದೆ ನಿಂತಿತು. 1857ರಲ್ಲಿ ಬ್ರಾಡ್‌ವೇ ಮತ್ತು ಬ್ರೂಮ್ ರಸ್ತೆಗಳ ಮೂಲೆಯ ಹಾವೌಟ್ ಮಳಿಗೆಯಲ್ಲಿ ಆತನ ಸಂಸ್ಥೆ ಪ್ರಯಾಣಿಕರ ಲಿಫ್ಟನ್ನು ಅಳವಡಿಸಿತು. ಆ ಲಿಫ್ಟ್ ಉಗಿಯಂತ್ರದಿಂದ ನಡೆಯುತ್ತಿತ್ತು. ಐದು ಅಂತಸ್ತಿನ ಆ ಎರಕದ ಕಬ್ಬಿಣದ ಕಟ್ಟಡ ಇಂದಿಗೂ ಅಲ್ಲಿದೆ.

ಉರಿಯದ ಕಬ್ಬಿಣ, ಉರಿಯುವ ಕಟ್ಟಡ

ಕಬ್ಬಿಣ ಉರಿಯುವುದಿಲ್ಲ. ಆದ್ದರಿಂದ ಕಬ್ಬಿಣದ ಕಟ್ಟಡ ಬೆಂಕಿಗೆ ಅಂಜಬೇಕಿಲ್ಲ ಎಂದು ಅದರ ತಯಾರಕರು ಸಾರಿದ್ದರು. ಈ ತರ್ಕದಲ್ಲಿ ಒಂದು ದೋಷವಿದೆ, ಗಮನಿಸಿದಿರಾ? ಕಂಬ ಉರಿಯದಿದ್ದರೂ ತೊಲೆ, ನೆಲದ ಹಲಗೆ, ಒಳಗಿನ ಬಟ್ಟೆ ಉರಿಯುತ್ತವೆ. ಆ ಬಿಸಿಗೆ ಕಬ್ಬಿಣ ಕರಗುವುದಕ್ಕಿಂತ ಬಹಳ ಮೊದಲೇ ತನ್ನ ಬಲ ಕಳೆದುಕೊಳ್ಳುತ್ತದೆ. ಕಾದ ಕಂಬದ ಮೇಲೆ ಅಗ್ನಿಶಾಮಕ ದಳದವರು ತಣ್ಣೀರು ಹಾಯಿಸಿದರೆ ಒಂದು ಭಾಗ ಥಟ್ಟನೆ ಕುಗ್ಗುತ್ತದೆ, ಇನ್ನೊಂದು ಭಾಗ ಹಿಗ್ಗಿಯೇ ಇರುತ್ತದೆ. ಪೆಡಸಾದ ಎರಕ ಆಗ ಬಿರುಕು ಬಿಡಬಹುದು.

ಕಟ್ಟಡ ಉಳಿದರೂ ಮನುಷ್ಯರು ಉಳಿಯುತ್ತಾರೆಂದು ಹೇಳುವಂತಿಲ್ಲ. ಹೌಸ್ಟನ್ ರಸ್ತೆಯ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಹತ್ತು ಅಂತಸ್ತಿನ ಒಂದು ಲಾಫ್ಟ್ ಕಟ್ಟಡವಿದೆ. ಇದು ಎರಕದ ಕಾಲದ ನಂತರದ್ದು, ಬೆಂಕಿಗೆ ಜಗ್ಗದೆಂದು ಹೆಸರಾಗಿದ್ದದ್ದು. ಅದರ ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆಯಿತ್ತು. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿದ್ದಾಗ ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಅಂತಸ್ತಿನವರೆಗೆ ಮಾತ್ರ ಮುಟ್ಟುತ್ತಿತ್ತು. 146 ಮಂದಿ ಸತ್ತರು. ಹೆಚ್ಚಿನವರು ಹೊರದೇಶಗಳಿಂದ ಬಂದಿದ್ದ ಎಳೆಯ ಹೆಣ್ಣುಮಕ್ಕಳು. ಕಟ್ಟಡ ಮಾತ್ರ ಗಟ್ಟಿಯಾಗಿ ನಿಂತಿತು. ಅದು ಇಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಿರುವ ಕಟ್ಟಡ.

ಇಷ್ಟಾದರೂ ಅವಘಡಗಳು ನಿಲ್ಲಲಿಲ್ಲ. 1958ರಲ್ಲಿ ಬ್ರಾಡ್‌ವೇಯ ಇನ್ನೊಂದು ಲಾಫ್ಟ್ ಕಟ್ಟಡದಲ್ಲಿ 24 ಮಂದಿ ಬೆಂಕಿಗೆ ಬಲಿಯಾದರು. ಅಗ್ನಿಶಾಮಕ ದಳದವರು ಈ ಪ್ರದೇಶಕ್ಕೆ 'ನರಕದ ನೂರು ಎಕರೆ' ಎಂದು ಹೆಸರಿಟ್ಟಿದ್ದರು.

ಖಾಲಿ ಅಂತಸ್ತಿಗೆ ಬಂದ ಬಾಡಿಗೆದಾರ

ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳ ರೀತಿ ಬದಲಾಯಿತು. ಸರಕು ಲಾರಿಗಳಲ್ಲಿ ಸಾಗತೊಡಗಿತು. ಒಂದೇ ಅಂತಸ್ತಿನ ವಿಶಾಲ ಶೆಡ್ಡುಗಳು ಊರ ಹೊರಗೆ ಎದ್ದವು. ಕಿರಿದಾದ ರಸ್ತೆ, ನಿಧಾನವಾದ ಲಿಫ್ಟ್ ಇರುವ ಸೋಹೊ ಹಿಂದೆ ಬಿತ್ತು. ಜೊತೆಗೆ ಬ್ರೂಮ್ ರಸ್ತೆಯ ಮೇಲೆ ಭಾರಿ ಹೆದ್ದಾರಿಯೊಂದನ್ನು ಹಾಯಿಸಲು ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿ ಯೋಜನೆ ಹಾಕಿದ್ದ. ನಾಳೆ ಕೆಡವಲಿರುವ ಕಟ್ಟಡಕ್ಕೆ ಇಂದು ಯಾರು ಸುಣ್ಣ ಬಳಿಸುತ್ತಾರೆ? ಅಂತಸ್ತುಗಳು ಒಂದೊಂದಾಗಿ ಖಾಲಿಯಾದವು.

ಹಾಗೆಂದು ಸೋಹೊ ಪೂರ್ತಿ ಸತ್ತಿರಲಿಲ್ಲ. ಅರ್ಥಶಾಸ್ತ್ರಜ್ಞ ಚೆಸ್ಟರ್ ರ್‍ಯಾಪ್ಕಿನ್ 1960ರ ದಶಕದ ಆರಂಭದಲ್ಲಿ ನಗರಕ್ಕಾಗಿ ಇಲ್ಲಿ ಸಮೀಕ್ಷೆ ನಡೆಸಿದಾಗ, ಸಾವಿರಾರು ಮಂದಿ ಇಲ್ಲಿನ ಸಣ್ಣ ಉದ್ದಿಮೆಗಳಲ್ಲಿ ದುಡಿಯುತ್ತಿರುವುದು ಕಂಡುಬಂತು. ಅವರಲ್ಲಿ ಕಪ್ಪು ಜನಾಂಗದವರೂ ಪೋರ್ಟೊರಿಕೊ ಮೂಲದವರೂ ಬಹಳ. ಹೆದ್ದಾರಿಯ ವಿರುದ್ಧ ಲೇಖಕಿ ಜೇನ್ ಜೇಕಬ್ಸ್ ಮತ್ತಿತರರು ಹೋರಾಡಿದರು. 1969ರಲ್ಲಿ ಯೋಜನೆ ರದ್ದಾಯಿತು.

ಈ ನಡುವೆ ಖಾಲಿ ಅಂತಸ್ತುಗಳಿಗೆ ಹೊಸ ಬಾಡಿಗೆದಾರರು ಬಂದಿದ್ದರು. ಅವರು ಚಿತ್ರಕಾರರು ಮತ್ತು ಶಿಲ್ಪಿಗಳು. ದೊಡ್ಡ ಕ್ಯಾನ್‌ವಾಸಿಗೆ ಎತ್ತರದ ಗೋಡೆ, ಬಣ್ಣ ನೋಡಲು ಹಗಲು ಬೆಳಕು, ಲೋಹದ ಶಿಲ್ಪಕ್ಕೆ ಗಟ್ಟಿ ನೆಲ ಅವರಿಗೆ ಬೇಕಿತ್ತು. ಹೊಲಿಗೆಯವರಿಗಾಗಿ ಮಾಡಿದ್ದೆಲ್ಲ ಇವರಿಗೂ ಒದಗಿತು. ಬಾಡಿಗೆಯೂ ಅಗ್ಗ. ಆದರೆ ಬಾಡಿಗೆ ಕರಾರು ವಾಣಿಜ್ಯದ್ದು. ಸ್ನಾನದ ಮನೆಯಿಲ್ಲ, ಅಡುಗೆಯ ಒಲೆಯಿಲ್ಲ. ಸಂಜೆ ಕೆಲಸದ ಹೊತ್ತು ಮುಗಿದ ಮೇಲೆ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆಯೂ ನಿಲ್ಲುತ್ತಿತ್ತು. ಕೊಳವೆ, ತಂತಿ, ಗೋಡೆ ಎಲ್ಲವನ್ನೂ ಬಾಡಿಗೆದಾರರೇ ತಮ್ಮ ಖರ್ಚಿನಲ್ಲಿ ಹಾಕಿಕೊಂಡರು. ಮಹಾತ್ಮ ಗಾಂಧಿಯವರನ್ನು ಕುರಿತು 'ಸತ್ಯಾಗ್ರಹ' ಎಂಬ ಸಂಗೀತ ನಾಟಕ ರಚಿಸಿದ ಫಿಲಿಪ್ ಗ್ಲಾಸ್, ಆ ದಿನಗಳಲ್ಲಿ ಹೊಟ್ಟೆಪಾಡಿಗೆ ಕೊಳಾಯಿ ಕೆಲಸವನ್ನೂ ಮಾಡುತ್ತಿದ್ದರು. ತನಿಖೆಯವರು ಬಂದರೆ ಹಾಸಿಗೆಯನ್ನು ಬಚ್ಚಿಡಬೇಕು. ಮಾಲೀಕ ಬಿಡು ಎಂದರೆ ತಾವೇ ಹಾಕಿಸಿದ ಕೊಳವೆಯನ್ನೂ ಬಿಟ್ಟು ಹೊರಡಬೇಕು.

ಬಾಗಿಲ ಬಳಿಯ ಫಲಕ

1961ರಲ್ಲಿ ಕಲಾವಿದರು ಸಂಘಟಿತರಾಗಿ ನಗರಾಡಳಿತದೊಡನೆ ಒಂದು ಒಪ್ಪಂದಕ್ಕೆ ಬಂದರು. ಅದರಂತೆ ಲಾಫ್ಟಿನಲ್ಲಿ ವಾಸಿಸುವ ಕಲಾವಿದರು ಕಟ್ಟಡದ ಹೊರಗೆ 'ಎ.ಐ.ಆರ್.' ಎಂಬ ಅಕ್ಷರಗಳನ್ನೂ ತಮ್ಮ ಅಂತಸ್ತಿನ ಸಂಖ್ಯೆಯನ್ನೂ ಬರೆದ ಸಣ್ಣ ಫಲಕ ಹಾಕಬೇಕು. 'ಇಲ್ಲಿ ಕಲಾವಿದರು ವಾಸವಾಗಿದ್ದಾರೆ' ಎಂದು ಅದರ ಅರ್ಥ. ಯಾರು ಓದಲೆಂದು? ರಾತ್ರಿ ಬೆಂಕಿ ಬಿದ್ದಾಗ ಓಡಿಬರುವ ಅಗ್ನಿಶಾಮಕ ದಳದವರು! ಖಾಲಿ ಗೋದಾಮೆಂದು ಅವರು ತಿಳಿಯದಿರಲಿ, ಮೇಲೆ ಜೀವವಿದೆ ಎಂದು ಗೊತ್ತಾಗಲಿ ಎಂಬುದೇ ಉದ್ದೇಶ.

ಮುಂದಿನದು ಕಾನೂನಿನ ನಿಧಾನವಾದ ನಡಿಗೆ. 1964ರಲ್ಲಿ ಕಲಾವಿದರ ವಾಸಕ್ಕೆ ಷರತ್ತುಬದ್ಧ ಅವಕಾಶ ದೊರೆಯಿತು. 1967ರಲ್ಲಿ ಜಾರ್ಜ್ ಮ್ಯಾಚುನಾಸ್ ಎಂಬ ಕಲಾವಿದ ವೂಸ್ಟರ್ ರಸ್ತೆಯಲ್ಲಿ ಕಲಾವಿದರೇ ಒಡೆಯರಾದ ಸಹಕಾರಿ ಕಟ್ಟಡ ಆರಂಭಿಸಿದ. 1971ರಲ್ಲಿ ನಗರದ ವಲಯ ನಿಯಮ ಬದಲಾಗಿ ಸೋಹೊದಲ್ಲಿ ಕಲಾವಿದರ ವಾಸ ಸಕ್ರಮವಾಯಿತು. 1973ರಲ್ಲಿ ಸುಮಾರು 500 ಕಟ್ಟಡಗಳ ಈ ಪ್ರದೇಶ ಪಾರಂಪರಿಕ ವಲಯವೆಂದು ಘೋಷಿತವಾಯಿತು.

ಅಷ್ಟರಲ್ಲಿ ಕಲಾವಿದರಲ್ಲದವರೂ ಸುತ್ತಲಿನ ಬಡಾವಣೆಗಳ ಲಾಫ್ಟುಗಳಲ್ಲಿ ತುಂಬಿಕೊಂಡಿದ್ದರು. ಅವರಿಗಾಗಿ 1982ರಲ್ಲಿ ನ್ಯೂಯಾರ್ಕ್ ರಾಜ್ಯ 'ಲಾಫ್ಟ್ ಕಾನೂನು' ತಂದಿತು. ಸ್ವಾಧೀನಾನುಭವ ಪತ್ರವಿಲ್ಲದ ಹಳೆಯ ಕಾರ್ಖಾನೆ ಅಥವಾ ವಾಣಿಜ್ಯ ಕಟ್ಟಡದಲ್ಲಿ ಗೊತ್ತುಪಡಿಸಿದ ಅವಧಿಯಲ್ಲಿ ಕನಿಷ್ಠ ಮೂರು ಕುಟುಂಬಗಳು ಬೇರೆಬೇರೆಯಾಗಿ ವಾಸವಿದ್ದರೆ, ಅವರನ್ನು ಏಕಾಏಕಿ ಹೊರಹಾಕುವಂತಿಲ್ಲ. ಬೆಂಕಿಯ ಸುರಕ್ಷತೆಯ ಕೆಲಸಗಳನ್ನು ಮಾಡಿಸಿ ಕಟ್ಟಡವನ್ನು ಸಕ್ರಮಗೊಳಿಸುವ ಹೊಣೆ ಮಾಲೀಕನದು. ಬಾಡಿಗೆದಾರ ತಾನು ಹಾಕಿಸಿದ ಅನುಕೂಲಗಳನ್ನು ಬಿಟ್ಟುಹೋಗುವಾಗ ಮಾರಲೂ ಅವಕಾಶ ಸಿಕ್ಕಿತು. 2010 ಮತ್ತು 2019ರಲ್ಲಿ ಈ ರಕ್ಷಣೆ ಇನ್ನಷ್ಟು ಕಟ್ಟಡಗಳಿಗೆ ವಿಸ್ತರಿಸಿತು.

ಆದರೆ ಎಲ್ಲರಿಗೂ ನ್ಯಾಯ ಸಿಕ್ಕಿತೆ? ವಾಸದ ಬಾಡಿಗೆ ಏರಿದಂತೆ ಉಳಿದಿದ್ದ ಸಣ್ಣ ಉದ್ದಿಮೆಗಳು ಹೊರಬಿದ್ದವು. ಆ ಕಾರ್ಮಿಕರಿಗಾಗಿ ಯಾವ ಫಲಕವೂ ಏರಲಿಲ್ಲ. ಆಮೇಲೆ ಕಲಾವಿದರಿಗೂ ಅದು ಕೈಗೆಟುಕದ ಜಾಗವಾಯಿತು. ಕಲಾವಿದರಲ್ಲದವರೂ ಸಕ್ರಮವಾಗಿ ವಾಸಿಸಲು ಹಾಗೂ ಕಡಿಮೆ ಆದಾಯದವರಿಗೂ ಮನೆ ಕಟ್ಟಲು ಅವಕಾಶವಾಗಲೆಂದು ನಗರ ಮತ್ತೆ 2021ರ ಡಿಸೆಂಬರಿನಲ್ಲಿ ವಲಯ ನಿಯಮವನ್ನು ತಿದ್ದಿತು.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಕಂಬ, ಕಿಟಕಿ, ನೆಲ ಲಾಫ್ಟಿಗೆ ಮೊದಲಿನಿಂದಲೂ ಇದ್ದವು. ಆದರೆ ನೀರು, ಬಿಸಿ, ಎರಡನೆಯ ಹೊರದಾರಿ, ಕೈಯಲ್ಲೊಂದು ಹಕ್ಕುಪತ್ರ, 'ಇಲ್ಲಿ ಮನುಷ್ಯರಿದ್ದಾರೆ' ಎಂಬ ಅರಿವು ಇವೆಲ್ಲ ಕೂಡಿದ ಮೇಲೆಯೇ ಅದು ಮನೆಯಾದದ್ದು.

ನಮ್ಮ ಊರುಗಳಲ್ಲೂ ಅಂಗಡಿಯ ಮೇಲೆ, ಗೋದಾಮಿನ ಮೇಲೆ ವಾಸಿಸುವವರಿದ್ದಾರೆ. ನೀವು ಅಂಥಲ್ಲಿ ಕೋಣೆ ಬಾಡಿಗೆ ಹಿಡಿಯುವ ವಿದ್ಯಾರ್ಥಿಯಾಗಿದ್ದರೆ, ಮುಂಗಡ ಕೊಡುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ಕೆಳಗಿನ ಅಂತಸ್ತಿನಲ್ಲಿ ಏನು ಶೇಖರಿಸಿದ್ದಾರೆ? ಇಳಿಯಲು ಎರಡನೆಯ ದಾರಿ ಎಲ್ಲಿದೆ? ರಾತ್ರಿ ಆ ದಾರಿಯ ಬಾಗಿಲಿಗೆ ಬೀಗ ಬೀಳುತ್ತದೆಯೆ?