ಒಂದೇ ಬೆಟ್ಟ, ಹಲವು ಚೀಟಿ: ಯಳಂದೂರು–ಕೊಳ್ಳೇಗಾಲ ಸೀಮೆಯ ಸಸ್ಯಮಾದರಿಗಳಲ್ಲಿ ಸ್ಥಳನಿರ್ದೇಶದ ಸಮಸ್ಯೆ

ಹರ್ಬೇರಿಯಂ ಹಾಳೆಗೆ ಅಂಟಿಸಿದ ಒಣ ಗಿಡಕ್ಕೆ ಸಾಕ್ಷ್ಯದ ಬೆಲೆ ಬರುವುದು ಅದರ ಚೀಟಿಯಿಂದ. ಸಂಗ್ರಾಹಕರ ಹೆಸರು, ಕ್ರಮಸಂಖ್ಯೆ, ದಿನಾಂಕ, ಸ್ಥಳ ಇವು ಆ ಚೀಟಿಯ ಜೀವಾಳ. ಯಳಂದೂರು–ಕೊಳ್ಳೇಗಾಲದ ಸುತ್ತಣ ಬಯಲು ಹಾಗೂ ಬಿಳಿಗಿರಿರಂಗನ ಬೆಟ್ಟಸಾಲಿನ ಮಟ್ಟಿಗೆ ಈ ನಾಲ್ಕರಲ್ಲಿ ಹೆಚ್ಚು ದಾರಿತಪ್ಪಿಸುವುದು ಸ್ಥಳವೇ ಎಂಬುದು ಪ್ರಸ್ತುತ ಲೇಖನದ ವಾದ.

ಕಾರಣ, ಈ ಸೀಮೆಯ ಆಡಳಿತ ಗಡಿಗಳು ಬದಲಾಗುತ್ತ ಬಂದಿವೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದ್ದು. ರಾಜ್ಯ ಪುನರ್ವಿಂಗಡಣೆಯ ನಂತರ ಎರಡೂ ಮೈಸೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿದವು. ಹನೂರು ಕೊಳ್ಳೇಗಾಲದಿಂದ ಬೇರೆಯಾದ ಹೊಸ ತಾಲ್ಲೂಕು.

ಸಸ್ಯಸಾಹಿತ್ಯವೂ ಈ ಗಡಿಗಳನ್ನೇ ಅನುಸರಿಸಿದೆ. ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಮದ್ರಾಸ್ ಪ್ರಾಂತ್ಯದ ಸಸ್ಯಸಂಪುಟಗಳು (1915–1936) ಹೆಸರೇ ಹೇಳುವಂತೆ ಮುಖ್ಯವಾಗಿ ಆ ಪ್ರಾಂತ್ಯವನ್ನು ಕುರಿತವು. ಇ. ಬಾರ್ನ್ಸ್ 1944ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹೂಬಿಡುವ ಸಸ್ಯಗಳ ಪಟ್ಟಿಯನ್ನು ಮದ್ರಾಸ್ ಸಸ್ಯಸಂಪುಟಕ್ಕೆ ಪೂರಕವೆಂದೇ ಪ್ರಕಟಿಸಿದರು. 1967ರಲ್ಲಿ ಆರ್.ವಿ. ಕಮ್ಮತಿ ಮತ್ತು ಸಂಗಡಿಗರ ಲೇಖನದ ಶೀರ್ಷಿಕೆಯಲ್ಲಿ ಅದೇ ಬೆಟ್ಟ ಮೈಸೂರು ರಾಜ್ಯದ್ದಾಯಿತು. ಆರ್.ಆರ್. ರಾವ್ ಮತ್ತು ಬಿ.ಎ. ರಾಝಿ 1981ರಲ್ಲಿ ತಂದ ಮೈಸೂರು ಜಿಲ್ಲೆಯ ಸಸ್ಯಸಂಪುಟದ ಹೊತ್ತಿಗೆ ಎರಡೂ ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದವು.

ಸಸ್ಯನಾಮ ಬದಲಾದರೆ ಹಿಂದಿನದನ್ನು ಹುಡುಕಲು ಪರ್ಯಾಯನಾಮಗಳ ದಾರಿಯಿದೆ. ಉದಾಹರಣೆಗೆ, ಈ ಬೆಟ್ಟದಲ್ಲಿ ಸಾಮಾನ್ಯ ನೆಲ್ಲಿಯ ಜೊತೆಗೆ ಸೋಲಿಗ ಬುಡಕಟ್ಟಿನವರು ಇಟ್ಟುನೆಲ್ಲಿ ಎನ್ನುವ ಇನ್ನೊಂದು ಪ್ರಭೇದವಿದೆ. ಗ್ಯಾಂಬಲ್ ಅದನ್ನು ಎಂಬ್ಲಿಕಾ ಫಿಶೆರಿ ಎಂದು ಕರೆದಿದ್ದರು; 1983ರಲ್ಲಿ ಬೆನೆಟ್ ಫಿಲಾಂಥಸ್ ಇಂಡೋಫಿಶೆರಿ ಎಂಬ ಹೆಸರಿಟ್ಟರು. ಹಳೆಯ ಹೆಸರಿನ ಹಾಳೆಯನ್ನು ಹೊಸ ಹೆಸರಿಗೆ ಜೋಡಿಸುವುದು ಕಷ್ಟವಲ್ಲ. ‘ಕೊಯಮತ್ತೂರು ಜಿಲ್ಲೆ’ ಎಂದಷ್ಟೇ ಬರೆದ ಚೀಟಿಯನ್ನು ಕೊಳ್ಳೇಗಾಲಕ್ಕೆ ಜೋಡಿಸಲು ಅಂಥ ವ್ಯವಸ್ಥೆಯಿಲ್ಲ.

ಹೀಗಾಗಿ ಮದ್ರಾಸ್ ಸಂಪುಟದಲ್ಲಿಲ್ಲದ ಗಿಡ ಯಳಂದೂರಿನಲ್ಲಿ ಇರಲಿಲ್ಲವೆಂದಾಗಲಿ, ಮೊದಲ ಸಲ 1944ರಲ್ಲಿ ದಾಖಲಾದದ್ದು ಆಗಷ್ಟೇ ಬೆಟ್ಟಕ್ಕೆ ಬಂತೆಂದಾಗಲಿ ತೀರ್ಮಾನಿಸಲಾಗದು. ಲಂಟಾನದಂಥ ಕಳೆಯ ಹರಡುವಿಕೆಯನ್ನು ಕಾಲಾನುಕ್ರಮದಲ್ಲಿ ಗುರುತಿಸುವವರಿಗೆ ಈ ಎಚ್ಚರ ತೀರಾ ಅಗತ್ಯ.

ಪರಿಹಾರಕ್ಕೆ ಮಾದರಿ ಹರ್ಬೇರಿಯಂನ ರೂಢಿಯಲ್ಲೇ ಇದೆ. ಗಿಡವನ್ನು ಮರುಗುರುತಿಸಿದವರು ಮೂಲ ಚೀಟಿಯನ್ನು ತಿದ್ದದೆ, ಹೆಸರು ಮತ್ತು ದಿನಾಂಕದೊಡನೆ ಹೊಸ ಚೀಟಿ ಅಂಟಿಸುತ್ತಾರೆ. ಸ್ಥಳಕ್ಕೂ ಅದೇ ಕ್ರಮ ಸಲ್ಲಬೇಕು: ಇಂದಿನ ತಾಲ್ಲೂಕು, ಅಂದಾಜು ಅಕ್ಷಾಂಶ–ರೇಖಾಂಶ, ಆ ಅಂದಾಜಿನ ಅನಿಶ್ಚಿತತೆಯ ವ್ಯಾಪ್ತಿ. ಮೈಸೂರು, ಬೆಂಗಳೂರು, ಕೊಯಮತ್ತೂರು, ಪುದುಚೇರಿಗಳ ಸಂಗ್ರಹಗಳು ಇದನ್ನು ಏಕರೂಪವಾಗಿ ಪಾಲಿಸಿದರೆ, ಹಂಚಿಹೋದ ಹಾಳೆಗಳನ್ನು ಒಂದೇ ಬೆಟ್ಟದ ದಾಖಲೆಯಾಗಿ ಓದಲು ಸಾಧ್ಯವಾದೀತು.