ಮೊದಲ ಸ್ಥಾನ ಬಿಡದ ಹಾಡುಗಳು

1986ರಲ್ಲಿ ಅಮೆರಿಕದ ಸಂಗೀತ ವಾಹಿನಿ ಎಂಟಿವಿಗೆ ಒಂದು ಹಾಡು ತಲೆನೋವಾಯಿತು. ಮೋಟ್ಲಿ ಕ್ರೂ ಎಂಬ ರಾಕ್ ತಂಡದ ‘ಹೋಮ್ ಸ್ವೀಟ್ ಹೋಮ್’ ವಿಡಿಯೊ ಅದು. ‘ಡಯಲ್ ಎಂಟಿವಿ’ ಕಾರ್ಯಕ್ರಮ ಆಗಷ್ಟೇ ಶುರುವಾಗಿತ್ತು. ನೋಡುಗರು ಫೋನ್ ಮಾಡಿ ಇಷ್ಟದ ವಿಡಿಯೊ ಹೆಸರು ಹೇಳಬೇಕು. ಹೆಚ್ಚು ಬೇಡಿಕೆ ಬಂದ ಹತ್ತು ವಿಡಿಯೊಗಳು ಆ ದಿನದ ಪಟ್ಟಿಯಾಗುತ್ತಿದ್ದವು. ಕ್ರೂ ಅಭಿಮಾನಿಗಳು ತಿಂಗಳುಗಟ್ಟಲೆ ಫೋನ್ ಮಾಡುತ್ತಲೇ ಹೋದರು. ದಿನವೂ ಅದೇ ಹಾಡು ಮೇಲೆ ಕೂತರೆ ಕೌಂಟ್‌ಡೌನ್ ನೋಡುವ ಕುತೂಹಲವಾದರೂ ಏನು ಉಳಿಯುತ್ತದೆ? ಕೊನೆಗೆ ವಾಹಿನಿ, ಹಳತಾದ ವಿಡಿಯೊಗಳನ್ನು ಪಟ್ಟಿಯಿಂದ ಕೈಬಿಡಲು ಒಂದು ಗಡುವು ಗೊತ್ತುಮಾಡಿತು. ಆ ನಿಯಮಕ್ಕೆ ತಂಡದ ಹೆಸರೇ ಅಂಟಿಕೊಂಡು ‘ಕ್ರೂ ರೂಲ್’ ಆಯಿತು.

ಜನರ ಮತವನ್ನೇ ನಂಬಿದ ಪಟ್ಟಿಗೆ ಹಾಡನ್ನು ಮೇಲೇರಿಸುವುದು ಸುಲಭ, ಕೆಳಗಿಳಿಸುವುದು ಕಷ್ಟ. ಇದನ್ನು ಎಂಟಿವಿಗಿಂತ ಬಹಳ ಮೊದಲೇ ಅರಿತಿದ್ದದ್ದು ರೇಡಿಯೊ ಸಿಲೋನ್‌ನ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ‘ಬಿನಾಕಾ ಗೀತ್‌ಮಾಲಾ’.

1952ರಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಕಾಲದ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಬಾಗಿಲು ಹಾಕತೊಡಗಿದಾಗ ಭಾರತದ ಕೇಳುಗರು ಕೊಲಂಬೊದ ರೇಡಿಯೊ ಸಿಲೋನ್ ಕಡೆಗೆ ತಿರುಗಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೀನ್ ಸಯಾನಿ ದನಿಯಲ್ಲಿ ಗೀತ್‌ಮಾಲಾ ಆರಂಭವಾಯಿತು. ಮೊದಮೊದಲು ಅದರಲ್ಲಿ ಶ್ರೇಯಾಂಕವೇ ಇರಲಿಲ್ಲ. ಏಳು ಹಾಡುಗಳನ್ನು ಹಾಕಿ, ಅವುಗಳ ಕ್ರಮವನ್ನು ಕೇಳುಗರೇ ಊಹಿಸಿ ಬರೆಯಲಿ ಎಂದು ಬಹುಮಾನ ಇಟ್ಟಿದ್ದರು. ಪತ್ರಗಳು ಸಾವಿರಗಟ್ಟಲೆ ಬಂದು ಬೀಳತೊಡಗಿದವು. ಎಲ್ಲವನ್ನೂ ಬಿಡಿಸಿ ನೋಡುವುದು ಅಸಾಧ್ಯವಾಯಿತು. 1954ರ ಹೊತ್ತಿಗೆ ಸ್ಪರ್ಧೆ ನಿಂತು ಹಿಟ್ ಪೆರೇಡ್ ಬಂತು.

ಆಗ ಲೆಕ್ಕಕ್ಕೆ ಹಿಡಿದದ್ದು ಗ್ರಾಮಫೋನ್ ತಟ್ಟೆಗಳ ಅಂಗಡಿಗಳು ಕಳುಹಿಸುವ ಮಾರಾಟದ ವರದಿ. ಆದರೆ ಜನಪ್ರಿಯ ಹಾಡಿನ ತಟ್ಟೆ ಅಂಗಡಿಯಲ್ಲಿ ಖಾಲಿಯಾದರೆ ಆ ವಾರ ಮಾರಾಟ ಬಿದ್ದಂತೆಯೇ ಕಾಣುತ್ತದಲ್ಲ! ತಟ್ಟೆ ಕೊಳ್ಳುವ ಶಕ್ತಿ ಇಲ್ಲದ ಕೇಳುಗನ ಇಷ್ಟಕ್ಕಂತೂ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಊರೂರಿನ ರೇಡಿಯೊ ಶ್ರೋತೃ ಸಂಘಗಳ ಪಟ್ಟಿಗಳನ್ನೂ ಸೇರಿಸಿಕೊಂಡರು. ಮಾರಾಟವನ್ನೂ ಮನದಿಚ್ಛೆಯನ್ನೂ ಒಟ್ಟಿಗೆ ತೂಗಿದ ಈ ನಿರ್ಧಾರ, ಆ ಕಾಲದ ಯಾವ ಪಟ್ಟಿಯ ಎದುರಿಗಾದರೂ ಇಟ್ಟು ಮೆಚ್ಚಬೇಕಾದದ್ದು.

ಬೇರು ಬಿಟ್ಟ ಹಾಡುಗಳಿಗೆ ಸಯಾನಿ ಬಳಗ ಗೌರವದ ದಾರಿಯನ್ನೇ ಕಂಡುಕೊಂಡಿತು. ಗೀತ್‌ಮಾಲಾದಲ್ಲಿ ಪ್ರತಿ ಸ್ಥಾನವೂ ಒಂದು ‘ಪಾಯ್‌ದಾನ್’, ಅಂದರೆ ಮೆಟ್ಟಿಲು. ನಿಗದಿತ ವಾರಗಳನ್ನು, ಮೊದಲು 18, ಆಮೇಲೆ 25, ಪೂರೈಸಿದ ಹಾಡು ‘ಸರ್ತಾಜ್ ಗೀತ್’ ಎನಿಸಿಕೊಂಡು, ಬಿಗುಲ್ ಮೊಳಗಿಸಿಕೊಂಡು ಸ್ಪರ್ಧೆಯಿಂದ ನಿವೃತ್ತಿಯಾಗುತ್ತಿತ್ತು. ಹೊರಹೋಗುವ ಹಾಡಿಗೆ ಕಿರೀಟ, ಹೊಸ ಹಾಡಿಗೆ ಜಾಗ.

ಎಂಟಿವಿಯಲ್ಲಿ ಹಳೆಯ ಹಾಡನ್ನು ಕೆಳಗಿಳಿಸುವ ಪ್ರಶ್ನೆ 1998ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಟೋಟಲ್ ರಿಕ್ವೆಸ್ಟ್ ಲೈವ್’ ಜೊತೆ ಮತ್ತೆ ಎದ್ದಿತು. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಗಾಜಿನ ಗೋಡೆಯ ಸ್ಟುಡಿಯೊ, ಕೆಳಗೆ ಬೀದಿಯಲ್ಲಿ ಫಲಕ ಹಿಡಿದು ಕಿರುಚುವ ಹುಡುಗ ಹುಡುಗಿಯರು, ಒಳಗೆ ನಿರೂಪಕ ಕಾರ್ಸನ್ ಡೇಲಿ. ಮತ ಫೋನ್‌ನಲ್ಲೂ ಬರುತ್ತಿತ್ತು, ಇಂಟರ್‌ನೆಟ್‌ನಲ್ಲೂ ಬರುತ್ತಿತ್ತು. ಶಾಲೆ ಬಿಟ್ಟ ಹೊತ್ತಿನ ಕಾರ್ಯಕ್ರಮವಾದ್ದರಿಂದ ಪಟ್ಟಿಯ ಮೇಲೆ ಹದಿಹರೆಯದವರದೇ ಹಿಡಿತ. ಪಾಪ್ ಹಾಡುಗಾರರಾದ ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಎನ್‌ಸಿಂಕ್, ಬ್ರಿಟ್ನಿ ಸ್ಪಿಯರ್ಸ್ ಅಭಿಮಾನಿಗಳು ಒಂದು ಕಡೆ, ರಾಕ್ ತಂಡಗಳಾದ ಕಾರ್ನ್, ಲಿಂಪ್ ಬಿಜ್ಕಿಟ್ ಕಡೆಯವರು ಇನ್ನೊಂದು ಕಡೆ. ಇಲ್ಲಿಯೂ 65 ದಿನ ಪಟ್ಟಿಯಲ್ಲಿದ್ದ ವಿಡಿಯೊಗೆ ನಿವೃತ್ತಿ ಎಂಬ ನಿಯಮ ಬಂತು. ಅಷ್ಟು ಮತ ಹಾಕಿಸಿಕೊಂಡ ವಿಡಿಯೊವನ್ನು ಮಾತ್ರ ಪೂರ್ತಿ ತೋರಿಸುವುದೇ ಅಪರೂಪವಾಗಿತ್ತು. ತುಣುಕು ತೋರಿಸಿ ಮುಂದೆ ಸಾಗುತ್ತಿದ್ದರು. ಮತ ಹಾಕಿದವರಿಗೆ ಇದು ಅನ್ಯಾಯವೇ ಸರಿ.

2006ರ ಹೊತ್ತಿಗೆ ಬರೀ ಮತ ಸಾಲದಾಯಿತು. ಹಾಡಿನ ಡೌನ್‌ಲೋಡ್, ರಿಂಗ್‌ಟೋನ್, ರೇಡಿಯೊ ಪ್ರಸಾರಗಳೂ ಆನ್‌ಲೈನ್ ಮತದ ಜೊತೆ ಲೆಕ್ಕಕ್ಕೆ ಸೇರಿದವು. ಮಾರುಕಟ್ಟೆಯ ಅಂಕಿ ಮತ್ತು ಅಭಿಮಾನಿಯ ಮತ, ಗೀತ್‌ಮಾಲಾ ಐವತ್ತರ ದಶಕದಲ್ಲಿ ಕೂಡಿಸಿದ್ದ ಎರಡೂ, ನ್ಯೂಯಾರ್ಕ್‌ನಲ್ಲೂ ಒಂದಾದದ್ದು ಆಗ. ಕಾರ್ಯಕ್ರಮ 2008ರ ನವೆಂಬರ್‌ನಲ್ಲಿ ನಿಂತಿತು.